ಬಿಡುವಿನ ಮಾತು: ಹುಸಿ ಹುಳು, ನಿಜವಾದ ಮೀನು

ಹೋದ ಸಂಚಿಕೆಯಲ್ಲಿ ನಾವು ಅಮೆರಿಕಕ್ಕೆ ಹೊರಡುವ ಅಜ್ಜ ಅಜ್ಜಿಯರು ಪೆಟ್ಟಿಗೆಯಲ್ಲಿ ಏನೇನು ಕಟ್ಟಿಕೊಳ್ಳಬೇಕೆಂಬುದನ್ನು ಕುರಿತು ನಾಲ್ಕು ಮಾತು ಬರೆದಿದ್ದೆವು. ಮೆಂತ್ಯದ ಹಿಟ್ಟು, ಕೊಬ್ಬರಿ ಎಣ್ಣೆ, ಉಣ್ಣೆಯ ಕಾಲುಚೀಲ ಇವುಗಳ ಪ್ರಸ್ತಾಪವೆಲ್ಲ ಬಂತು. ಆದರೆ ಅಲ್ಲಿ ಇಳಿದ ಮೇಲೆ ಆರು ತಿಂಗಳ ಕಾಲ ಮೊಮ್ಮಕ್ಕಳೊಡನೆ ಮಾಡತಕ್ಕದ್ದೇನು ಎಂಬ ಮುಖ್ಯ ಪ್ರಶ್ನೆಯನ್ನೇ ನಾವು ಎತ್ತಲಿಲ್ಲ. ಮಗಳು ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೊಮ್ಮಗನಿಗೆ ನಮ್ಮ ಕನ್ನಡ ಅರ್ಧ ತಿಳಿಯುತ್ತದೆ, ಅವನ ಇಂಗ್ಲಿಷು ನಮಗೆ ಕಾಲು ಭಾಗವೂ ತಿಳಿಯುವುದಿಲ್ಲ. ಈ ಕಷ್ಟಕ್ಕೆ ನಮಗೆ ಸಿಕ್ಕಿದ ಒಂದು ಪರಿಹಾರವನ್ನು ಈ ಸಲ ಹೇಳುತ್ತೇವೆ. ಅದು ಮೀನು ಹಿಡಿಯುವ ಸಾಮಾನಿನ ವಿಷಯ. ನಮ್ಮ ವಾಚಕರಲ್ಲಿ ಮೀನಿಲ್ಲದೆ ಊಟ ಸೇರದವರೂ ಇದ್ದಾರೆ, ಮೀನೆಂದರೆ ಮೂಗು ಮುಚ್ಚುವವರೂ ಇದ್ದಾರೆ. ಇಬ್ಬರೂ ಕೊನೆಯವರೆಗೆ ಓದಬೇಕೆಂದು ನಮ್ಮ ಬಿನ್ನಹ.

2024ನೆಯ ಇಸವಿ ಮಾರ್ಚಿ ತಿಂಗಳಲ್ಲಿ ನಾವು ಟೆಕ್ಸಾಸ್ ಸಂಸ್ಥಾನದ ಡಾಲಸ್ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ಹೋಗಿ ಇಳಿದೆವು. ಮೊಮ್ಮಗನಿಗೆ ಹನ್ನೊಂದು ತುಂಬುವುದರಲ್ಲಿತ್ತು. ಹುಟ್ಟಿದ ಹಬ್ಬಕ್ಕೆ ಏನು ಬೇಕಪ್ಪಾ ಎಂದು ಕೇಳಿದೆವು. ಬ್ಯಾಸ್ ಮೀನು ಹಿಡಿಯುವ ಕೋಲು ಬೇಕು ಎಂದ. ಅವನ ಶಾಲೆಯ ಗೆಳೆಯನ ಹತ್ತಿರ ಇತ್ತಂತೆ. ನಮ್ಮ ಮನೆಯವರು ಅಡಿಗೆಮನೆಯಿಂದಲೇ ಕೇಳಿಸಿಕೊಂಡು, "ಏನಂದ್ರಿ? ಶೃಂಗೇರಿಯಲ್ಲಿ ಮಂಡಕ್ಕಿ ಹಾಕಿದ ಕೈಯಲ್ಲಿ ಇಲ್ಲಿ ಕೊಕ್ಕೆ ಹಿಡೀತೀರಾ?" ಎಂದರು.

ಮಾತು ನ್ಯಾಯವಾದದ್ದೇ. ನಮ್ಮದು ತುಂಗೆಯ ದಂಡೆಯ ಕಡೆಯ ಮನೆತನ. ಶೃಂಗೇರಿಯ ಮೆಟ್ಟಿಲ ಬುಡದಲ್ಲಿ ಗುಂಪುಗುಂಪಾಗಿ ಮೇಲೇಳುವ ಆ ದೇವರ ಮೀನುಗಳಿಗೆ ಅಜ್ಜಿಯ ಸೆರಗು ಹಿಡಿದುಕೊಂಡು ಮಂಡಕ್ಕಿ ಎಸೆದವರು ನಾವು. ಆದರೆ ಈಗ ಎಪ್ಪತ್ತು ದಾಟಿದ ಮೇಲೆ ಮುಚ್ಚಿಟ್ಟು ಪ್ರಯೋಜನವಿಲ್ಲ. ಅದೇ ಕಾಲದಲ್ಲಿ ಗದ್ದೆಯ ತೋಡಿನಲ್ಲಿ, ಹಿರಿಯರ ಕಣ್ಣಿಗೆ ಬೀಳದಂತೆ, ಬಿದಿರ ಕಡ್ಡಿಗೆ ನೂಲು ಕಟ್ಟಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದ್ದೂ ಉಂಟು. ಸಿಕ್ಕಿದ ಮೀನನ್ನು ಜೊತೆಯ ಹುಡುಗರು ಮನೆಗೆ ಒಯ್ಯುತ್ತಿದ್ದರು, ನಾವು ಕೈ ತೊಳೆದುಕೊಂಡು ಸಂಧ್ಯಾವಂದನೆಗೆ ಕೂರುತ್ತಿದ್ದೆವು. ಹೀಗಿರಲಾಗಿ, ಗಾಳದ ವಿದ್ಯೆ ನಮಗೆ ಬರುತ್ತದೆ ಎಂಬ ಒಂದು ಜಂಭ ಒಳಗೇ ಉಳಿದುಕೊಂಡಿತ್ತು. ಮಗಳು "ಅಪ್ಪಯ್ಯ, ಅವನು ಹಿಡಿದದ್ದನ್ನು ಮತ್ತೆ ನೀರಿಗೇ ಬಿಡ್ತಾನೆ. ಇಲ್ಲಿ ಎಷ್ಟೋ ಜನ ಹಾಗೇ ಮಾಡೋದು" ಎಂದು ತಾಯಿಯನ್ನು ಸಮಾಧಾನ ಮಾಡಿದಳು. ಒಪ್ಪಿಗೆ ಸಿಕ್ಕಿತು.

ಮೊದಲನೆಯ ತಪ್ಪು ಅಂಗಡಿಯಲ್ಲಿ ಆಯಿತು. ಸೋಪು, ಸಕ್ಕರೆ, ಸೈಕಲ್ಲು ಎಲ್ಲವನ್ನೂ ಒಂದೇ ಸೂರಿನಡಿ ಮಾರುವ ದೊಡ್ಡ ಮಳಿಗೆಗೆ ಹೋಗಿ, ಬಣ್ಣಬಣ್ಣದ ರಟ್ಟಿಗೆ ಅಂಟಿಸಿಟ್ಟಿದ್ದ ಒಂದು ಸಿದ್ಧ ಜೋಡಣೆಯನ್ನು ಕೊಂಡೆವು. ಕೋಲು, ರೀಲು, ದಾರ, ಬೆಂಡು, ಪುಟ್ಟ ಪುಟ್ಟ ಕೊಕ್ಕೆ, ಒಂದು ಡಬ್ಬಿ ರಬ್ಬರಿನಂತಹ ಹುಳು, ಎಲ್ಲವೂ ಅದರಲ್ಲೇ. ಎರಡನೆಯ ತಪ್ಪು ನಮ್ಮ ಸ್ವಂತದ್ದು. ಆ ಹುಸಿ ಹುಳುಗಳನ್ನು ನೋಡಿ ನಗು ಬಂತು. "ನಿಜವಾದ ಎರೆಹುಳು ಇರುವಾಗ ಇದೇಕೋ? ಅಜ್ಜ ತೋರಿಸ್ತೇನೆ ಬಾ" ಎಂದೆವು. ಅಲ್ಲಿ ಎರೆಹುಳುವನ್ನೂ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಒಂದು ಡಬ್ಬಿ ಕೊಂಡೆವು.

ಹತ್ತಿರದ ರಾಜ್ಯೋದ್ಯಾನದಲ್ಲಿ ದೊಡ್ಡದೊಂದು ಕೆರೆ. ಟೆಕ್ಸಾಸಿನ ಕೆರೆಗಳು ಬಹುಪಾಲು ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರೇ, ನಮ್ಮ ಕಡೆಯ ಹಿನ್ನೀರಿನ ಹಾಗೆ. ಅಲ್ಲಿಯ ಕಾನೂನಿನಂತೆ ಹದಿನೇಳು ತುಂಬದ ಮಕ್ಕಳಿಗೆ ಮೀನು ಹಿಡಿಯಲು ಪರವಾನಗಿ ಬೇಡ. ರಾಜ್ಯೋದ್ಯಾನದ ದಡದಿಂದ ಹಿಡಿದರೆ ದೊಡ್ಡವರಿಗೂ ಬೇಡ. ಬೇರೆಡೆಯಲ್ಲಾದರೆ ನಮ್ಮಂತಹ ಅತಿಥಿಗಳೂ ಹಣ ಕೊಟ್ಟು ಪರವಾನಗಿ ಪಡೆಯತಕ್ಕದ್ದು.

ಬೆಂಡು ತೇಲಿಸಿ ಅರ್ಧ ಗಂಟೆ ಕುಳಿತೆವು. ಬೆಂಡು ಮುಳುಗಿತು. ನಾವು ಹಳೆಯ ಅಭ್ಯಾಸದಂತೆ "ತಾಳು, ಚೆನ್ನಾಗಿ ನುಂಗಲಿ" ಎಂದೆವು. ಮೀನು ಚೆನ್ನಾಗಿಯೇ ನುಂಗಿತು. ಎಳೆದಾಗ ಹನ್ನೊಂದು ಅಂಗುಲದ ಬ್ಯಾಸ್ ಮರಿ, ಹಸುರು ಮೈ, ಪಕ್ಕೆಯಲ್ಲಿ ಕಪ್ಪು ಪಟ್ಟೆ. ಹುಡುಗ ಕುಣಿದಾಡಿಬಿಟ್ಟ. ಆದರೆ ಕೊಕ್ಕೆ ತುಟಿಯಲ್ಲಿರಲಿಲ್ಲ, ಗಂಟಲಿನಿಂದಲೂ ಕೆಳಗೆ ಇಳಿದಿತ್ತು. ಬಿಡಿಸೋಣವೆಂದು ನಾವು ಎಳೆದೆವು, ತಿರುಗಿಸಿದೆವು. ಕಿವಿರಿನಿಂದ ರಕ್ತ ಬಂತು. ಹಾಗೂ ಹೀಗೂ ಬಿಡಿಸಿ ನೀರಿಗೆ ಬಿಟ್ಟರೆ ಮೀನು ಪಕ್ಕಕ್ಕೆ ವಾಲಿತು, ಆಮೇಲೆ ಬಿಳಿಯ ಹೊಟ್ಟೆ ಮೇಲೆ ಮಾಡಿ ತೇಲಿತು. ಹದಿನಾಲ್ಕು ಅಂಗುಲಕ್ಕಿಂತ ಚಿಕ್ಕ ಬ್ಯಾಸ್ ಮೀನನ್ನು ಅಲ್ಲಿ ಇಟ್ಟುಕೊಳ್ಳುವಂತಿಲ್ಲ, ಸಾಯುತ್ತಿದ್ದರೂ ನೀರಿಗೇ ಹಾಕಬೇಕು. ಆದ್ದರಿಂದ ಅದು ಯಾರ ಊಟಕ್ಕೂ ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ದೊಡ್ಡ ಬಕಪಕ್ಷಿ ಬಂದು ಅದನ್ನು ಕಚ್ಚಿಕೊಂಡು ಹೋಯಿತು.

"ಅಜ್ಜ, ಅದು ಸತ್ತುಹೋಯ್ತಾ?" ಎಂದು ಹುಡುಗ ಕೇಳಿದ. ಹೌದೆಂದೆವು. "ನೀನು ಬಿಡ್ತೇನೆ ಅಂದಿದ್ದೆ" ಎಂದ. ಕಾರಿನಲ್ಲಿ ಮಾತಾಡಲಿಲ್ಲ. ಆ ರಾತ್ರಿ ಊಟಕ್ಕೆ ನಮ್ಮ ಪಕ್ಕದಲ್ಲಿ ಕೂರಲಿಲ್ಲ. ಮರುದಿನವೂ ಶಾಲೆಯಿಂದ ಬಂದವನು ನೇರವಾಗಿ ಮಹಡಿ ಹತ್ತಿದ. ಹೊಸ ಕೋಲು ಮೋಟಾರು ಖಾನೆಯ ಮೂಲೆಯಲ್ಲಿ ನಿಂತಿತು. ಸಾವಿರಾರು ಮೈಲಿ ದಾಟಿ ಮೊಮ್ಮಗನ ಸ್ನೇಹ ಸಂಪಾದಿಸಲು ಹೋದವರು ಹದಿನೈದು ದಿನದೊಳಗೆ ಅದನ್ನು ಕಳೆದುಕೊಂಡೆವು ಎನಿಸಿತು. ನಮ್ಮ ಮನೆಯವರು ಆ ಎರಡು ದಿನ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಾಗಿತ್ತು.

ಮೂರನೆಯ ದಿನ ನಾವು ಅಳಿಯನಿಗೆ ಹೇಳಿ ಕೆರೆಯ ಹತ್ತಿರದ ಒಂದು ಚಿಕ್ಕ ಅಂಗಡಿಗೆ ಹೋದೆವು. ಹುಡುಗನನ್ನೂ ಕರೆದೆವು. ಒಲ್ಲದ ಮನಸ್ಸಿನಿಂದಲೇ ಬಂದ. ಅಂಗಡಿಯವರು ನಮ್ಮ ವಯಸ್ಸಿನವರೇ. ನಡೆದುದನ್ನು ಹೇಳಿದೆವು, ಅಳಿಯ ದ್ವಿಭಾಷಿಯಾದ. ಅವರು ಹುಡುಗನ ಮುಖವನ್ನೊಮ್ಮೆ ನೋಡಿ, ಮಾರುವ ಆತುರ ತೋರದೆ, ಯಾವ ನೀರು, ದಡದಿಂದಲೋ ದೋಣಿಯಿಂದಲೋ, ಯಾವ ಕಾಲ, ಕೋಲು ಹಿಡಿಯುವವರು ಯಾರು ಎಂದು ನಾಲ್ಕು ಪ್ರಶ್ನೆ ಕೇಳಿದರು. ಸಾಮಾನು ಆರಿಸುವುದಕ್ಕೆ ಈ ನಾಲ್ಕು ಪ್ರಶ್ನೆಗಳೇ ತಳಹದಿ ಎಂಬುದು ನಮಗೆ ಆಗ ತಿಳಿಯಿತು. ಅಂದು ಕಲಿತದ್ದನ್ನೂ ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಕೆಳಗೆ ಬರೆಯುತ್ತೇವೆ.

ಮೊದಲು ಕೋಲು. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಆ ಕೋಲಿಗೆ ಎಷ್ಟು ಪೌಂಡಿನ ದಾರ, ಎಷ್ಟು ಔನ್ಸಿನ ಎರೆ ಎಂದು ಅಚ್ಚು ಹಾಕಿರುತ್ತಾರೆ. ಬಣ್ಣ ನೋಡುವ ಮೊದಲು ಅದನ್ನು ಓದಬೇಕು. ಹುಡುಗರಿಗೂ ಹೊಸಬರಿಗೂ ಆರೂವರೆ ಅಡಿ ಉದ್ದದ, ಮಧ್ಯಮ ಬಲದ, ತುದಿಯಲ್ಲಿ ಮಾತ್ರ ಬಾಗುವ ಕೋಲು ಸಾಕು. ತುದಿ ಬಾಗುವುದರಿಂದ ಮೀನು ಮುಟ್ಟಿದ್ದು ಕೈಗೆ ಬೇಗ ತಿಳಿಯುತ್ತದೆ, ಬುಡ ಗಟ್ಟಿಯಾಗಿರುವುದರಿಂದ ಅದು ನುಂಗುವ ಮೊದಲೇ ಎಳೆಯಬಹುದು. ನಮ್ಮ ಮೊದಲ ಕೋಲು ಆದ್ಯಂತ ಮೆತ್ತಗೆ, ನುಗ್ಗೆಕಾಯಿಯಂತೆ ಬಳುಕುತ್ತಿತ್ತು. ಮೀನು ಮುಟ್ಟಿದ ಸುದ್ದಿ ಕೈಗೆ ಬರುವಷ್ಟರಲ್ಲಿ ಕೊಕ್ಕೆ ಹೊಟ್ಟೆಗೆ ಇಳಿದಿತ್ತು.

ರೀಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಕೋಲಿನ ಕೆಳಗೆ ತೂಗಾಡುವ, ಸುರುಳಿ ನಿಶ್ಚಲವಾಗಿದ್ದು ದಾರ ತಾನೇ ಬಿಚ್ಚಿಕೊಂಡು ಹೋಗುವ ಸ್ಪಿನ್ನಿಂಗ್ ರೀಲು ಒಂದು. ಕೋಲಿನ ಮೇಲೆ ಕೂರುವ, ಎಸೆದಾಗ ಸುರುಳಿಯೇ ಗಿರ್ರನೆ ತಿರುಗುವ ಬೇಟ್‌ಕಾಸ್ಟಿಂಗ್ ರೀಲು ಇನ್ನೊಂದು. ಎರಡನೆಯದು ನುರಿತವರ ಕೈಯಲ್ಲಿ ಗುರಿಗೂ ಭಾರಕ್ಕೂ ಉತ್ತಮ. ಆದರೆ ಹೆಬ್ಬೆರಳಿನಿಂದ ಅದನ್ನು ತಡೆಯಲು ಬಾರದಿದ್ದರೆ ಸುರುಳಿ ದಾರಕ್ಕಿಂತ ಮುಂದೆ ಓಡಿ, ಎಲ್ಲ ದಾರವೂ ಗುಬ್ಬಿಯ ಗೂಡಾಗುತ್ತದೆ. ಅದನ್ನು ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಹೊಸಬರಿಗೆ ಮೊದಲನೆಯದೇ ಸರಿ.

ದಾರದಲ್ಲಿ ಮೂರು ಜಾತಿ. ಸಾದಾ ನೈಲಾನಿನ ಒಂಟಿ ಎಳೆ ಅಗ್ಗ, ಸ್ವಲ್ಪ ಹಿಗ್ಗುತ್ತದೆ, ಗಂಟು ಸುಲಭವಾಗಿ ಕೂರುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಕಣ್ಣಿಗೆ ಕಡಿಮೆ ಬೀಳುತ್ತದೆ, ಮುಳುಗುತ್ತದೆ, ತಿಳಿನೀರಿಗೆ ಒಳ್ಳೆಯದು. ಹೆಣೆದ ದಾರ ತೆಳ್ಳಗಿದ್ದೂ ಬಲು ಗಟ್ಟಿ, ಕಳೆ ತುಂಬಿದ ನೀರಿಗೆ ತಕ್ಕದ್ದು, ಆದರೆ ಬೆರಳನ್ನೂ ಕೊಯ್ಯಬಲ್ಲದು. ಹುಡುಗನಿಗೆ ಹತ್ತು ಪೌಂಡಿನ ಒಂಟಿ ಎಳೆಯನ್ನು ಅವರು ಸುತ್ತಿಕೊಟ್ಟರು. ಯಾವ ಗಂಟನ್ನೇ ಹಾಕಿ, ಬಿಗಿಯುವ ಮೊದಲು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಬೇಕು. ಒಣಗಂಟು ಬಿಗಿದರೆ ಉಜ್ಜಿ ಬಿಸಿಯಾಗಿ ದಾರ ಅಲ್ಲಿಯೇ ಸೋಲುತ್ತದೆ.

ಕೊಕ್ಕೆಯ ಸಂಖ್ಯೆಗಳು ನಮ್ಮ ಲೆಕ್ಕಕ್ಕೆ ತಲೆಕೆಳಗು. ಬರಿಯ ಅಂಕೆಯಾದರೆ ಅಂಕೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು, ಅಂಕೆಯ ಮುಂದೆ ಗೆರೆ ಹಾಕಿ ಸೊನ್ನೆ ಬರೆದಿದ್ದರೆ ಅಂಕೆ ಏರಿದಂತೆ ಕೊಕ್ಕೆ ದೊಡ್ಡದು. ನಮ್ಮ ಸಿದ್ಧ ಜೋಡಣೆಯಲ್ಲಿದ್ದುದು 8ನೆಯ ಸಂಖ್ಯೆಯದು, ಅಕ್ಕಸಾಲಿಗರ ಕೆಲಸದಂತೆ ಪುಟ್ಟದು. ಬ್ಯಾಸ್ ಮೀನಿನ ಬಾಯಿಯೋ ತೆರೆದ ಚೀಲ. ಅಂಥ ಬಾಯಿಗೆ ಇಂಥ ಕೊಕ್ಕೆ ತಡೆಯಿಲ್ಲದೆ ಒಳಗೆ ಇಳಿಯುತ್ತದೆ. ಅಂಗಡಿಯವರು 3/0 ಸಂಖ್ಯೆಯ ಅಗಲವಾದ ಕೊಕ್ಕೆ ಕೊಟ್ಟು, ತುದಿಯ ಒಳಗಡೆಯ ಹಿಂಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡಿ ತೋರಿಸಿದರು. ಹಿಂಮುಳ್ಳಿಲ್ಲದ ಕೊಕ್ಕೆ ಹಾಕಿದಷ್ಟೇ ಸಲೀಸಾಗಿ ಹೊರಬರುತ್ತದೆ. ದಾರ ಸಡಿಲ ಬಿಟ್ಟರೆ ಕೆಲವು ಮೀನು ತಪ್ಪಿಸಿಕೊಳ್ಳುವುದೂ ಉಂಟು. ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ ಎಂದು ಹುಡುಗ ಹೇಳಿದ. ಮೂರು ದಿನದಲ್ಲಿ ಅವನಾಡಿದ ಮೊದಲ ಮಾತು ಅದು.

ಇನ್ನು ಹುಸಿ ಎರೆ. ಅಲ್ಲಿಯವರು ಲ್ಯೂರ್ ಎನ್ನುತ್ತಾರೆ. ನಾವು ನಕ್ಕ ಆ ಮೆತ್ತನೆಯ ಹುಳುವಿಗೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಮಾರಿದ ನಿಕ್ ಕ್ರೀಮ್ ಎಂಬವರು 1949ರಲ್ಲಿ ಓಹಾಯೋ ಸಂಸ್ಥಾನದ ಆಕ್ರನ್ ಊರಿನಲ್ಲಿ ಆ ಕೆಲಸ ಆರಂಭಿಸಿದರು, ಮುಂದೆ ಅವರ ಕಾರ್ಖಾನೆ ಟೆಕ್ಸಾಸಿನ ಟೈಲರ್ ಊರಿಗೇ ಬಂತು. ದಾರದಲ್ಲಿ ಗುಂಡಿನಾಕಾರದ ಭಾರ ಪೋಣಿಸಿ, ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸುವ ಕ್ರಮಕ್ಕೆ ಟೆಕ್ಸಾಸ್ ಕಟ್ಟು ಎಂದೇ ಹೆಸರು. ಮೊನೆ ಒಳಗಿರುವುದರಿಂದ ಕಳೆಗೂ ಕೊಂಬೆಗೂ ಸಿಕ್ಕಿಕೊಳ್ಳುವುದಿಲ್ಲ. ಇದನ್ನು ಸುಮ್ಮನೆ ಬಿಟ್ಟು ಕೂರುವಂತಿಲ್ಲ, ತಳಕ್ಕೆ ಇಳಿಸಿ ಮೆಲ್ಲಗೆ ಎತ್ತಿ ಇಳಿಸುತ್ತಾ ದಾರದ ಮೇಲೆ ಬೆರಳಿಟ್ಟಿರಬೇಕು. ಮೀನು ಮುಟ್ಟಿದೊಡನೆ ಎಳೆಯುವುದರಿಂದ ಕೊಕ್ಕೆ ಸಾಮಾನ್ಯವಾಗಿ ತುಟಿಗೇ ನಾಟುತ್ತದೆ. ಜೀವಂತ ಹುಳುವನ್ನಾದರೆ ಮೀನು ರುಚಿ ನೋಡಿ ನುಂಗಿಯೇಬಿಡುತ್ತದೆ. ಬಿಡುವ ಉದ್ದೇಶದಿಂದ ಹಿಡಿಯುವವನಿಗೆ ಹುಸಿ ಹುಳುವೇ ವಾಸಿ ಎಂಬುದನ್ನು ನಾವು ಹೀಗೆ ತಡವಾಗಿ ಕಲಿತೆವು.

ಗೋಡೆಯ ತುಂಬ ತೂಗುಹಾಕಿರುವ ಉಳಿದ ಎರೆಗಳನ್ನು ಕಂಡು ಹೆದರಬೇಕಾಗಿಲ್ಲ. ತೆರೆದ ಸೇಫ್ಟಿ ಪಿನ್ನಿನಂತಿದ್ದು ತಗಡಿನ ಎಲೆ ತಿರುಗುವುದು ಸ್ಪಿನ್ನರ್‌ಬೇಟ್. ಅದರ ಕಂಪನವನ್ನು ಮೀನು ಕಾಣದೆಯೂ ಅರಿಯುವುದರಿಂದ ಕದಡಿದ ನೀರಿಗೆ, ಗಾಳಿಯ ದಿನಕ್ಕೆ ಅದು ತಕ್ಕದ್ದು. ಮೂತಿಯಲ್ಲಿ ಚಮಚದಂತಹ ತುಟಿಯುಳ್ಳ ಗಟ್ಟಿ ಮೀನಿನ ಗೊಂಬೆ ಎಳೆದಾಗ ಮುಳುಗುತ್ತದೆ, ತುಟಿ ಉದ್ದವಾದಷ್ಟೂ ಆಳ ಹೆಚ್ಚು. ಕಪ್ಪೆಯಂತೆ ನೀರ ಮೇಲೆ ಗುಳುಗುಳು ಸದ್ದು ಮಾಡುವ ಎರೆ ಬೇಸಿಗೆಯ ಮುಂಜಾನೆಗೂ ಮುಸ್ಸಂಜೆಗೂ ಸರಿ. ಬಣ್ಣಕ್ಕೆ ಸೂತ್ರ ಸುಲಭ: ತಿಳಿನೀರಿಗೆ ಹಸುರು ಕಂದು ಮುಂತಾದ ಸಹಜ ಬಣ್ಣ, ಕೆಂಪುನೀರಿಗೆ ಅಚ್ಚ ಕಪ್ಪು ಅಥವಾ ಕಣ್ಣು ಕುಕ್ಕುವ ಹಳದಿ. ಎರಡು ಬಣ್ಣದ ಹುಳು, ಒಂದು ತಗಡಿನೆಲೆ, ಒಂದು ಕಪ್ಪೆ. ಮೊದಲ ವರ್ಷಕ್ಕೆ ಇಷ್ಟರ ಮೇಲೆ ಕೊಂಡರೆ ಅದು ಹುಡುಗನಿಗಾಗಿ ಅಲ್ಲ, ಅಜ್ಜನ ಚಪಲಕ್ಕಾಗಿ.

ದುಬಾರಿಯಾದದ್ದೇ ಆಗಬೇಕೆಂದೂ ಇಲ್ಲ. ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಬೆಂಡನ್ನು ಕೆತ್ತಿ, ಚಾಕಲೇಟಿನ ತಗಡುಹಾಳೆ ಸುತ್ತಿ ಮೀನಿನ ಗೊಂಬೆ ಮಾಡಿದರು. ಗಾಯಗೊಂಡು ಓಲಾಡುವ ಮರಿಯನ್ನೇ ದೊಡ್ಡ ಮೀನು ಮೊದಲು ಹಿಡಿಯುತ್ತದೆಂದು ಕಂಡುಕೊಂಡದ್ದೇ ಅವರ ಬಂಡವಾಳ. 1932ರ ಜೂನ್ 2ರಂದು ಜಾರ್ಜಿಯಾ ಸಂಸ್ಥಾನದಲ್ಲಿ ಜಾರ್ಜ್ ಪೆರ್ರಿ ಎಂಬ ಯುವಕ ರೈತನು ಹಿಡಿದ 22 ಪೌಂಡು 4 ಔನ್ಸಿನ ಬ್ಯಾಸ್ ಮೀನಿಗೆ ಸಮನಾದದ್ದು ಸಿಕ್ಕಿದ್ದು 2009ರಲ್ಲಿ, ಜಪಾನಿನ ಬೀವಾ ಸರೋವರದಲ್ಲಿ. ಪೆರ್ರಿಯ ಮನೆಯವರು ಆ ದಾಖಲೆಯ ಮೀನನ್ನು ಅಡಿಗೆ ಮಾಡಿ ಉಂಡರಂತೆ. ಬಡತನದ ಕಾಲ, ತಪ್ಪೆನ್ನಲಾಗದು. ಹಿಡಿದು ಬಿಡುವ ಪದ್ಧತಿಯನ್ನು ಬ್ಯಾಸ್ ಮೀನಿನ ಪಂದ್ಯಗಳಿಗೆ ತಂದು ಹರಡಿದವರಲ್ಲಿ ರೇ ಸ್ಕಾಟ್ ಮುಖ್ಯರು, 1972ರಲ್ಲಿ ಅವರು ಅದನ್ನು ಆರಂಭಿಸಿದರು.

ಹೊರಡುವಾಗ ಅಂಗಡಿಯವರು ಇನ್ನೊಂದು ಮಾತು ಹೇಳಿದರು. ವಸಂತದಲ್ಲಿ ನೀರು ಸುಮಾರು ಅರವತ್ತು ಡಿಗ್ರಿ ಫಾರನ್‌ಹೀಟಿಗೆ ಏರಿದಾಗ ಬ್ಯಾಸ್ ಮೀನು ದಡದ ಹತ್ತಿರ ನೆಲ ಗುಡಿಸಿ ತಟ್ಟೆಯಂತೆ ಗುಂಡಗೆ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋದ ಮೇಲೆ ಗಂಡು ಮೀನು ಮೊಟ್ಟೆಯನ್ನೂ ಮರಿಯನ್ನೂ ಕಾಯುತ್ತದೆ. ಅದನ್ನು ಅಲ್ಲಿಂದ ಎತ್ತಿದರೆ ಬೇರೆ ಮೀನುಗಳು ಬಂದು ಮೊಟ್ಟೆ ತಿನ್ನುತ್ತವೆ. ಆದ್ದರಿಂದ ಅಂಥ ಗುಂಡುಜಾಗ ಕಂಡರೆ ಅಲ್ಲಿ ಎರೆ ಹಾಕಬೇಡಿ ಎಂದರು. ಹುಡುಗ ನಮ್ಮ ಕಡೆ ತಿರುಗಿ "ಅಜ್ಜ, ನಮ್ಮದು ಅಪ್ಪ ಮೀನಾಗಿತ್ತಾ?" ಎಂದು ಕೇಳಿದ. ನಾವು ಉತ್ತರ ಹೇಳಲಿಲ್ಲ. ಅವನ ಕೈ ಹಿಡಿದುಕೊಂಡೆವು, ಅವನು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಶನಿವಾರ ಹೋದೆವು. ಈ ಸಲ ಕೋಲು ಅವನದು, ಇಕ್ಕಳ ನಮ್ಮದು. ಆ ದಿನ ಏನೂ ಸಿಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಹಸುರು ಹುಳುವಿಗೆ ಹದಿನೈದು ಅಂಗುಲದ ಮೀನು ಬಂತು. ಕೊಕ್ಕೆ ಮೇಲ್ದುಟಿಯ ಅಂಚಿನಲ್ಲಿತ್ತು. ಅವನು ಮೊದಲು ಕೈ ಒದ್ದೆ ಮಾಡಿಕೊಂಡ, ಏಕೆಂದರೆ ಒಣಗೈಗೆ ಮೀನಿನ ಮೈಯ ಲೋಳೆ ಅಂಟಿ ಬಂದುಬಿಡುತ್ತದೆ, ಆ ಲೋಳೆಯೇ ಅದರ ರಕ್ಷೆ. ಕೆಳದುಟಿಯನ್ನು ಹೆಬ್ಬೆರಳಿನಿಂದ ಹಿಡಿದು ಹೊಟ್ಟೆಗೆ ಇನ್ನೊಂದು ಕೈ ಕೊಟ್ಟ. ನಾವು ಇಕ್ಕಳ ಹಾಕಿದೆವು, ಕೊಕ್ಕೆ ಜಾರಿ ಬಂತು. ತಾನು ಉಸಿರು ಬಿಗಿಹಿಡಿದು, ಉಸಿರು ಮುಗಿಯುವುದರೊಳಗೆ ಮೀನನ್ನು ನೀರಿಗೆ ಇಳಿಸಿದ. ಅದು ಒಂದು ಕ್ಷಣ ನಿಂತು, ಬಾಲ ಬಡಿದು, ನಮ್ಮಿಬ್ಬರ ಮುಖಕ್ಕೂ ನೀರು ಎರಚಿ ಹೋಯಿತು. ಕಾನೂನಿನಂತೆ ಇಟ್ಟುಕೊಳ್ಳಬಹುದಾದ ಮೀನೇ. ಆ ಮಾತು ಇಬ್ಬರಿಗೂ ಬರಲಿಲ್ಲ.

ಎಷ್ಟು ಜೋಪಾನ ಮಾಡಿದರೂ ಒಮ್ಮೊಮ್ಮೆ ಕೊಕ್ಕೆ ಒಳಗಿಳಿಯುವುದುಂಟು. ಆಗ ನಾವು ಮಾಡಿದಂತೆ ಎಳೆಯಬೇಡಿ, ದಾರವನ್ನು ಕೊಕ್ಕೆಯ ಹತ್ತಿರ ಕತ್ತರಿಸಿ ಬಿಟ್ಟುಬಿಡಿ. ಅದರಿಂದ ಮೀನು ಬದುಕುವ ಸಂಭವ ಹೆಚ್ಚು. ತುಂಡು ದಾರವನ್ನೂ ಹರಿದ ಹುಳುವನ್ನೂ ದಡದಲ್ಲಿ ಬಿಸಾಡಬೇಡಿ. ಹಕ್ಕಿಗಳ ಕಾಲಿಗೆ ಆ ದಾರವೇ ಉರುಲು. ಇನ್ನೂ ಒಂದು: ಊರಿಗೆ ಮರಳುವಾಗ ಕೋಲು ತನ್ನಿ, ಮೀನನ್ನು ತರುವ ಯೋಚನೆ ಯಾರಿಗೂ ಬಾರದಿರಲಿ. 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ಬ್ಯಾಸ್ ತಂದು ಬಿಟ್ಟರು. ಅದು ಊರೂರಿಗೆ ಹರಡಿ ಅಲ್ಲಿಯ ಸ್ವಂತ ಮೀನುಗಳನ್ನು ತಿನ್ನುತ್ತಿದೆಯೆಂದು 2005ರಲ್ಲಿ ಅದನ್ನು ಸಾಗಿಸುವುದಕ್ಕೂ ಬಿಡುವುದಕ್ಕೂ ಕಾನೂನಿನ ತಡೆ ಹಾಕಬೇಕಾಯಿತು. ನಮ್ಮ ಕಾವೇರಿಯ ಗೂನುಬೆನ್ನಿನ ಮಹಸೀರೇ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಇದ್ದುದನ್ನು ಉಳಿಸಿಕೊಂಡರೆ ಸಾಕಾಗಿದೆ.

ಸೆಪ್ಟೆಂಬರಿನಲ್ಲಿ ನಾವು ಮರಳಿದೆವು. ಈಗ ಭಾನುವಾರ ದೂರವಾಣಿಯಲ್ಲಿ ಹುಡುಗ ಮೊದಲು ನಮ್ಮನ್ನೇ ಕೇಳುತ್ತಾನೆ. ಕೊಕ್ಕೆ, ಬೆಂಡು, ಇಕ್ಕಳ, ಹಿಂಮುಳ್ಳು ಈ ಮಾತುಗಳೆಲ್ಲ ಅವನ ಬಾಯಲ್ಲಿ ಕನ್ನಡದಲ್ಲೇ ಬರುತ್ತವೆ, ಏಕೆಂದರೆ ಅವನ್ನು ನಮ್ಮಿಂದಲೇ ಕಲಿತದ್ದು. ಬರುವ ಬೇಸಿಗೆಗೆ ಅವರೆಲ್ಲ ಇಲ್ಲಿಗೆ ಬರುತ್ತಾರೆ, ಶೃಂಗೇರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಅಲ್ಲಿ ಕೋಲು ತರಬಹುದೇ ಎಂದು ಹುಡುಗ ಕೇಳಿದ. ಫೋನು ಅವನ ಅಜ್ಜಿಯ ಕೈಯಲ್ಲಿತ್ತು. "ಬೇಡ ಮಗಾ, ಅಲ್ಲಿ ಮಂಡಕ್ಕಿ ಸಾಕು. ಅಲ್ಲಿಯವಕ್ಕೆ ಯಾರೂ ಕೊಕ್ಕೆ ಹಾಕುವ ಹಾಗಿಲ್ಲ" ಎಂದರು. "ಹಾಗಾದರೆ ಹಿಂಮುಳ್ಳು ತೆಗೆಯುವ ಕೆಲಸವೂ ಇಲ್ಲ" ಎಂದು ಅವನು ಒಪ್ಪಿಕೊಂಡ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಫ್ಲಾಟಿನ ಕಿಟಕಿಯಲ್ಲಿ ಬಸಳೆ ಬೆಳೆಸುವ ಬಗೆ. ಈ ವಿಷಯದಲ್ಲಿ ಅನುಭವವುಳ್ಳ ವಾಚಕರು, ಮುಖ್ಯವಾಗಿ ನಮ್ಮಂತೆ ತಪ್ಪು ಮಾಡಿ ಕಲಿತವರು, ಸಂಘದ ವಿಳಾಸಕ್ಕೆ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.